ಗೆದ್ದ ದೆವ್ವಕ್ಕೆ ಎರಡನೇ ಭಾಗ ಬೇಕೇ?

ಓದುಗರ ಪ್ರಶ್ನೆ, ನಮ್ಮ ಉತ್ತರ: ಸಿನಿಮಾ

ಪ್ರಶ್ನೆ: ತಲಪಾಡಿ ಗಡಿ ದಾಟಿದ ಕೂಡಲೇ ಸಿಗುವ ತೂಮಿನಾಡಿನ ಹೆಸರು ‘ಸು ಫ್ರಮ್ ಸೋ’ ಎಂಬ ಕನ್ನಡದ ದೆವ್ವದ ಹಾಸ್ಯ ಸಿನಿಮಾದ ನಿರ್ದೇಶಕ ಜೆ.ಪಿ. ತೂಮಿನಾಡು ಅವರ ಹೆಸರಿನಲ್ಲೇ ಉಂಟು. ಹಾಗಾಗಿ ಅದು ಬಂದಾಗ ನಮ್ಮ ಮನೆಯವರೆಲ್ಲ ಮಂಗಳೂರಿಗೆ ಹೋಗಿ ನೋಡಿದೆವು. ಅಲ್ಲಿಂದ ಮನೆಯಲ್ಲಿ ಒಂದೇ ತರ್ಕ. ಮಗನಿಗೆ ಎರಡನೇ ಭಾಗ ಬರಲೇಬೇಕು. ಇವರು ಬೇಡವೇ ಬೇಡ, ಇದ್ದ ಮರ್ಯಾದೆಯೂ ಹೋಗ್ತದೆ ಅನ್ನುತ್ತಾರೆ. ಗೆದ್ದ ದೆವ್ವದ ಸಿನಿಮಾಕ್ಕೆ ಎರಡನೇ ಭಾಗ ನಿಜವಾಗಿ ಬೇಕೋ? (ಗೃಹಿಣಿ, ಮಂಜೇಶ್ವರ)

ಉತ್ತರ: ಸಿನಿಮಾಕ್ಕೆ ಬೇಕಿಲ್ಲ, ನಿರ್ಮಾಪಕರ ಲೆಕ್ಕಪುಸ್ತಕಕ್ಕೆ ಬೇಕು. ಆದರೆ ಅಷ್ಟಕ್ಕೇ ಬಿಟ್ಟರೆ ನಿಮ್ಮ ಮಗನಿಗೆ ಅನ್ಯಾಯವಾದೀತು. ಕೆಲವು ಕಥೆಗಳಲ್ಲಿ ಎರಡನೆಯದಕ್ಕೆ ಜಾಗ ಇರುತ್ತದೆ, ಎಲ್ಲಿ ಇದೆ ಎಂದು ಗುರುತಿಸುವುದರಲ್ಲೇ ಹೆಚ್ಚಿನವರು ಎಡವುವುದು.

ದೆವ್ವದ ಕಥೆ ಮೂರು ಸಂಗತಿಯ ಮೇಲೆ ನಿಂತಿರುತ್ತದೆ: ಸತ್ತವರಿಗೆ ಆದ ಅನ್ಯಾಯ ಏನು, ಅವರ ಪ್ರೇತ ಏನು ಮಾಡಬಲ್ಲದು ಏನು ಮಾಡಲಾರದು, ಕೊನೆಗೆ ಅದು ಹೇಗೆ ಬಿಟ್ಟುಹೋಯಿತು. ಪೊಲೀಸ್ ಕಥೆಯಲ್ಲಿ ಒಂದು ಕೇಸು ಮುಗಿದರೆ ಇನ್ನೊಂದು ಬರುತ್ತದೆ, ಇನ್‌ಸ್ಪೆಕ್ಟರ್ ಅವನೇ ಇರುತ್ತಾನೆ. ಇಲ್ಲಿ ಕೇಸೂ ದೆವ್ವವೇ, ನಾಯಕಿಯೂ ದೆವ್ವವೇ. ಅನ್ಯಾಯ ಬಯಲಾಗಿ, ತಪ್ಪು ಮಾಡಿದವನು ಸಿಕ್ಕಿ, ಪ್ರೇತ ಶಾಂತವಾಯಿತು ಎಂದು ತೋರಿಸಿದ ಮೇಲೆ ಅದನ್ನೇ ಮತ್ತೆ ಎಬ್ಬಿಸಿದರೆ ಪ್ರೇಕ್ಷಕ ಕೇಳುವುದು ಒಂದೇ: ಹಾಗಾದರೆ ಮೊದಲು ಮಾಡಿದ್ದೆಲ್ಲ ಎಂತದು?

ಇದನ್ನು ಪರೀಕ್ಷಿಸಲು ದಕ್ಷಿಣದಲ್ಲೇ ಒಂದು ಸಿದ್ಧ ಉದಾಹರಣೆ ಉಂಟು. 1993ರಲ್ಲಿ ಫಾಸಿಲ್ ನಿರ್ದೇಶಿಸಿದ, ಮಧು ಮುಟ್ಟಂ ಬರೆದ ಮಲಯಾಳದ ‘ಮಣಿಚಿತ್ರತ್ತಾಳ್’. ಅದೇ ಕಥೆ 2004ರಲ್ಲಿ ಕನ್ನಡಕ್ಕೆ ‘ಆಪ್ತಮಿತ್ರ’ ಆಗಿ ಬಂತು, 2005ರಲ್ಲಿ ತಮಿಳಿನ ‘ಚಂದ್ರಮುಖಿ’ ಆಯಿತು, 2007ರಲ್ಲಿ ಹಿಂದಿಯ ‘ಭೂಲ್ ಭುಲಯ್ಯ’ ಆಯಿತು. ನಾಲ್ಕೂ ಕಡೆ ಗೆಲುವು. ನಾಲ್ಕೂ ಕಡೆ ಮುಂದೆ ಒಂದಲ್ಲ ಒಂದು ಬಗೆಯ ಎರಡನೇ ಭಾಗವೂ ಬಂತು. ಮೂಲ ಒಂದೇ, ಮುಂದುವರಿಕೆ ಮಾತ್ರ ಒಂದೊಂದು ಕಡೆ ಒಂದೊಂದು ದಾರಿ.

ಮೂಲದಲ್ಲಿ ದೆವ್ವವೇ ಇಲ್ಲ ಎಂಬುದನ್ನು ಮೊದಲು ನೆನಪಿಡಬೇಕು. ಮನೆಯ ಸೊಸೆಯ ಮನಸ್ಸು ಒಡೆದು, ಹಿಂದೆ ಸತ್ತ ನರ್ತಕಿ ತಾನೇ ಎಂದು ಅವಳು ನಂಬಿರುತ್ತಾಳೆ. ವೈದ್ಯ ಅವಳ ಸೇಡು ತೀರಿತು ಎಂದು ಅವಳ ಕಣ್ಣಿಗೇ ನಂಬಿಸಿ, ಕೊನೆಯ ಗಳಿಗೆಯಲ್ಲಿ ಮನುಷ್ಯನ ಜಾಗಕ್ಕೆ ಗೊಂಬೆ ತಂದು ಬಿಡುಗಡೆ ಮಾಡುತ್ತಾನೆ. ಬೀಗ ಬಿಚ್ಚಿತು, ಕೋಣೆ ಖಾಲಿ. ಮತ್ತೆ ತೆರೆಯಲು ಏನೂ ಉಳಿದಿಲ್ಲ.

ಈಗ ಎರಡನೇ ಭಾಗಗಳನ್ನು ನೋಡಿ. 2013ರ ಮಲಯಾಳದ ‘ಗೀತಾಂಜಲಿ’ ಮೋಹನ್‌ಲಾಲ್ ಅವರ ಡಾಕ್ಟರ್ ಸನ್ನಿಯನ್ನು ಮಾತ್ರ ಎತ್ತಿ ಇನ್ನೊಂದು ಮನೆಗೆ, ಇನ್ನೊಂದು ಕಥೆಗೆ ಕರೆದುಕೊಂಡು ಹೋಯಿತು. ತರ್ಕದಲ್ಲಿ ಇದೇ ಸರಿಯಾದ ದಾರಿ, ವೈದ್ಯನಿಗೆ ಹೊಸ ರೋಗಿ ಬರಬಹುದಲ್ಲ. ಆದರೆ ಮೂಲದಲ್ಲಿ ಜನ ಮನಸ್ಸಿಗೆ ಹಚ್ಚಿಕೊಂಡದ್ದು ಸನ್ನಿಯನ್ನಲ್ಲ, ಶೋಭನಾ ಅವರ ಪಾತ್ರವನ್ನು. ಅವರ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಜನ ನೋಡಲು ಬಂದದ್ದು ಒಂದು, ಸಿಕ್ಕಿದ್ದು ಇನ್ನೊಂದು.

ಕನ್ನಡದ ‘ಆಪ್ತರಕ್ಷಕ’ 2010ರಲ್ಲಿ ಸತ್ತ ನರ್ತಕಿ ನಾಗವಲ್ಲಿಯ ಚಿತ್ರಪಟವನ್ನು ಬೇರೆ ಮನೆಗೆ ಸಾಗಿಸಿತು, ಅವಳನ್ನು ಕೊಂದ, ಕಾಲವಾಗಿ ಹೋಗಿರಬೇಕಾದ ರಾಜ ಇನ್ನೂ ಬದುಕಿದ್ದಾನೆ ಎಂದು ತೋರಿಸಿತು. ಮೊದಲನೆಯದು ಮನೋರೋಗದ ಕಥೆ, ಎರಡನೆಯದು ಮಂತ್ರತಂತ್ರದ ಕಥೆ. ನಿಯಮವೇ ಬದಲಾಯಿತು. ಆದರೂ ಜನ ನೋಡಿದರು, ಏಕೆಂದರೆ ಅದು ವಿಷ್ಣುವರ್ಧನ್ ಅವರ ಕೊನೆಯ ಸಿನಿಮಾ. 2009ರ ಡಿಸೆಂಬರ್ 30ರಂದು ಅವರು ತೀರಿಕೊಂಡರು, ಸಿನಿಮಾ ಬಂದದ್ದು 2010ರ ಫೆಬ್ರವರಿಯಲ್ಲಿ. ಆ ಗೆಲುವನ್ನು ಎರಡನೇ ಭಾಗದ ಗೆಲುವು ಎಂದು ಎಣಿಸುವವರು ಈ ಸಂಗತಿಯನ್ನು ಲೆಕ್ಕದಿಂದ ಬಿಟ್ಟುಬಿಡುತ್ತಾರೆ. ‘ಆಪ್ತಮಿತ್ರ’ ತೆರೆಗೆ ಬರುವ ಮೊದಲೇ ಅದರ ನಟಿ ಸೌಂದರ್ಯ ತೀರಿಕೊಂಡಿದ್ದರು ಎಂಬುದೂ ಇಲ್ಲಿ ನೆನಪಿಗೆ ಬರುತ್ತದೆ. ಕನ್ನಡದ ಪ್ರೇಕ್ಷಕರು ಎರಡೂ ಸಲ ಸಿನಿಮಾವನ್ನು ಬರೀ ಸಿನಿಮಾ ಎಂದು ನೋಡಲಿಲ್ಲ.

2023ರ ‘ಚಂದ್ರಮುಖಿ 2’ಕ್ಕೆ ಕನ್ನಡದ ಎರಡನ್ನೂ ಮಾಡಿದ ಪಿ. ವಾಸು ಅವರೇ ನಿರ್ದೇಶಕರು. ಅರಮನೆ ಹಳೆಯದು, ಕುಟುಂಬ ಹೊಸದು, ನಾಯಕ ಹೊಸಬ, ಘಟನೆಗಳ ಸಾಲು ಮಾತ್ರ ಮೊದಲಿನದ್ದೇ: ಹೋಗಬಾರದ ಕಡೆಗೆ ಯಾರೋ ಹೋಗುತ್ತಾರೆ, ಯಾರ ಮೇಲೋ ಸಂಶಯ ಬರುತ್ತದೆ, ಕೊನೆಗೆ ಕುಣಿತ. ಮುಂದಿನ ದೃಶ್ಯ ಗೊತ್ತಿರುವವನಿಗೆ ಹೆದರಿಕೆ ಆಗುವುದಿಲ್ಲ. ಹಿಂದಿಯವರು 2022ರಲ್ಲಿ ಹೆಸರು, ಹಳೆ ಹಾಡು, ನರ್ತಕಿಯ ಹೆಸರಾದ ‘ಮಂಜುಲಿಕಾ’ ಎಂಬ ಒಂದು ಪದ ಇಷ್ಟನ್ನೇ ಇಟ್ಟುಕೊಂಡು ಉಳಿದದ್ದನ್ನೆಲ್ಲ ಎಸೆದು ಹೊಸ ಕಥೆ ಮಾಡಿದರು. ಅದು ಓಡಿತು, 2024ರಲ್ಲಿ ಮೂರನೆಯದೂ ಬಂತು. ಅದನ್ನು ಮುಂದುವರಿಕೆ ಅನ್ನುವುದಕ್ಕಿಂತ ಹಳೆ ಅಂಗಡಿಯ ಬೋರ್ಡಿನಡಿ ಹೊಸ ವ್ಯಾಪಾರ ಅನ್ನಬಹುದು. ವ್ಯಾಪಾರ ತಪ್ಪಲ್ಲ, ಆದರೆ ಮೂಲ ಕಥೆಗೆ ಅದರಿಂದ ಕೂಡಿದ್ದೂ ಇಲ್ಲ, ಕಳೆದದ್ದೂ ಇಲ್ಲ.

ಇಲ್ಲಿಂದ ನಿಮ್ಮ ಪ್ರಶ್ನೆಗೆ ಬರೋಣ. ಕಥೆಯಿಂದ ದೆವ್ವವನ್ನು ತೆಗೆದು ನೋಡಿ, ಏನು ಉಳಿಯುತ್ತದೆ? ‘ಸು ಫ್ರಮ್ ಸೋ’ದಲ್ಲಿ ಒಂದು ಇಡೀ ಊರು ಉಳಿಯುತ್ತದೆ. ಅಶೋಕನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಎಂದು ಆ ಊರು ನಂಬುವ ಬಗೆ, ರವಿ ಅಣ್ಣನ ಮುಂದಾಳುತನ, ಕರುಣಾಕರ ಗುರೂಜಿಯ ವ್ಯವಹಾರ, ಒಬ್ಬರ ಮಾತಿಗೆ ಇನ್ನೊಬ್ಬರ ಒಗ್ಗರಣೆ. ಜನ ನಕ್ಕದ್ದು ಇದಕ್ಕೆ. ಹಾಗಾಗಿ ಆ ಊರಿಗೆ ಎರಡನೇ ಕಥೆ ಬರಬಹುದು, ಸುಲೋಚನಾಳಿಗೆ ಬರಬಾರದು. ಅದೇ ಹೆಸರನ್ನು ಮತ್ತೆ ಕರೆದರೆ ಊರಿನವರು ಮೊದಲ ಸಲ ಕಲಿತದ್ದನ್ನೆಲ್ಲ ಮರೆತ ಪೆದ್ದರಾಗುತ್ತಾರೆ, ಆಗ ನಗು ಬೇಸರಕ್ಕೆ ತಿರುಗುತ್ತದೆ.

ಊರು ಉಳಿಸಿ ದೆವ್ವ ಬದಲಿಸಿದ್ದಕ್ಕೆ ‘ಸ್ತ್ರೀ’ ಒಳ್ಳೆ ಉದಾಹರಣೆ. ಬೆಂಗಳೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದ ಕಾಲದ ವದಂತಿಯನ್ನು ಮಧ್ಯಪ್ರದೇಶದ ಚಂದೇರಿಗೆ ಒಯ್ದು 2018ರಲ್ಲಿ ಮಾಡಿದ್ದು. 2024ರ ಎರಡನೇ ಭಾಗದಲ್ಲಿ ಚಂದೇರಿಯೂ ಗೆಳೆಯರೂ ಅವರೇ, ಕಾಡುವುದು ಮಾತ್ರ ತಲೆಯಿಲ್ಲದ ಬೇರೊಬ್ಬ. ತಮಿಳಿನ ‘ಕಾಂಚನ’ ಸರಣಿಯಲ್ಲಿ ರಾಘವ ಲಾರೆನ್ಸ್ ಹಿಡಿದದ್ದೂ ಇದೇ ಸೂತ್ರ, ಕತ್ತಲಾದರೆ ಹೆದರುವ ನಾಯಕ ಅವನೇ, ಪ್ರತಿ ಸಲ ಮೈಮೇಲೆ ಬರುವವರು ಬೇರೆ, ಅವರ ಅನ್ಯಾಯವೂ ಬೇರೆ. ಕನ್ನಡಕ್ಕೆ ಅದು ಉಪೇಂದ್ರ ಅವರ ‘ಕಲ್ಪನಾ’ ಆಗಿ 2012ರಲ್ಲಿ ಬಂತು.

ಒಟ್ಟಿನಲ್ಲಿ ಗೆಲ್ಲಿಸಿದ್ದು ಗುಟ್ಟಾದರೆ ಎರಡನೇ ಭಾಗ ಬೇಡ, ಗೆಲ್ಲಿಸಿದ್ದು ಊರು ಮತ್ತು ಜನ ಆದರೆ ಹೊಸ ದೆವ್ವದೊಂದಿಗೆ ಬರಲಿ. ನಿಮ್ಮ ಮನೆಯ ತರ್ಕದಲ್ಲಿ ಇಬ್ಬರಿಗೂ ಅರ್ಧರ್ಧ ಅಂಕ.

ಪ್ರಶ್ನೆ: ಕೊನೆಯಲ್ಲಿ ದೆವ್ವ ಮತ್ತೆ ಕಣ್ಣು ಬಿಡುವ ಹಾಗೆ ಒಂದು ಶಾಟ್ ಇಟ್ಟರೆ ಎರಡನೇ ಭಾಗಕ್ಕೆ ದಾರಿ ಆಗುವುದಿಲ್ಲವೇ? ಈಗ ಎಲ್ಲರೂ ಇಡುತ್ತಾರೆ. (ಪದವಿ ವಿದ್ಯಾರ್ಥಿ, ಕುಂಬಳೆ)

ಉತ್ತರ: ಇಡುವುದು ಸುಲಭ, ತೀರಿಸುವುದು ಕಷ್ಟ. ಎರಡು ಗಂಟೆ ಕಷ್ಟಪಟ್ಟು ಕೊಟ್ಟ ಬಿಡುಗಡೆಯನ್ನು ಆ ಎರಡು ಸೆಕೆಂಡಿನ ಶಾಟ್ ವಾಪಸ್ ಕಿತ್ತುಕೊಳ್ಳುತ್ತದೆ. ಎರಡನೇ ಭಾಗದ ಮೊದಲ ಹತ್ತು ಪುಟ ಬರೆದು ಕೈಯಲ್ಲಿದ್ದರೆ ಮಾತ್ರ ಚಿತ್ರೀಕರಿಸಿ. ಇದ್ದರೂ ಹೆಸರುಗಳು ಓಡಿದ ನಂತರ ಹಾಕಿ, ಆಗ ಬೇಡವಾದವರು ಎದ್ದು ಹೋಗಿರುತ್ತಾರೆ. ಬರೆಯದೆ ಇಟ್ಟ ಕಣ್ಣಿಗೆ ಮುಂದೆ ಕಥೆ ಹೊಲಿಯುವಾಗ ಅದು ಯಾರ ಕಣ್ಣು ಎಂದು ವಿವರಿಸಲೇ ಅರ್ಧ ಗಂಟೆ ಬೇಕಾಗುತ್ತದೆ.

ಪ್ರಶ್ನೆ: ಮುಂದಿನ ಕಥೆ ಬೇಡವಾದರೆ ಹಿಂದಿನ ಕಥೆ ಹೇಳಬಹುದಲ್ಲ? ‘ಕಾಂತಾರ’ದವರು ಹಾಗೆಯೇ ಮಾಡಿದರು. (ಅಂಗಡಿ ವ್ಯಾಪಾರಿ, ಉಪ್ಪಳ)

ಉತ್ತರ: ‘ಕಾಂತಾರ’ ದೆವ್ವದ ಸಿನಿಮಾ ಅಲ್ಲ, ದೈವದ ಸಿನಿಮಾ. ಆ ವ್ಯತ್ಯಾಸ ನಿಮಗೆ ಹೇಳಿಕೊಡಬೇಕಾದ್ದಿಲ್ಲ. 2022ರ ಮೊದಲ ಸಿನಿಮಾ ಹಿಂದಿನ ಕಾಲವನ್ನು ಮುಟ್ಟಿ ಮಾತ್ರ ಬಿಟ್ಟಿತ್ತು, ಹಾಗಾಗಿ 2025ರಲ್ಲಿ ಹಿಂದಕ್ಕೆ ಹೋಗಲು ಬೇಕಾದಷ್ಟು ಜಾಗ ಇತ್ತು. ದೆವ್ವದ ಸಿನಿಮಾದಲ್ಲಿ ಹಿಂದಿನ ಕಥೆ ಹೆಚ್ಚಾಗಿ ಮೊದಲ ಭಾಗದ ಫ್ಲ್ಯಾಷ್‌ಬ್ಯಾಕಿನಲ್ಲೇ ಮುಗಿದಿರುತ್ತದೆ. ಯಾರು ಕೊಂದರು, ಹೇಗೆ ಸತ್ತಳು ಎಂದು ಎಂಟು ನಿಮಿಷದಲ್ಲಿ ಗೊತ್ತಾದದ್ದನ್ನೇ ಎರಡೂವರೆ ಗಂಟೆಗೆ ಎಳೆದರೆ ಕೊನೆ ಗೊತ್ತಿರುವ ಕಥೆಗೆ ಟಿಕೆಟು ಕೊಂಡಂತೆ.

ಜಪಾನಿನ ಒಂದು ಸಂಗತಿ ಹೇಳಬೇಕು. 1998ರಲ್ಲಿ ‘ರಿಂಗು’ ಮತ್ತು ಅದರ ಮುಂದುವರಿಕೆ ‘ರಾಸೆನ್’ ಎರಡನ್ನೂ ಒಂದೇ ದಿನ ಜೋಡಿಯಾಗಿ ಬಿಡುಗಡೆ ಮಾಡಿದರು. ಶಾಪದ ಕ್ಯಾಸೆಟ್ಟಿನ ಮೊದಲ ಸಿನಿಮಾ ಜಗತ್ತಿನಲ್ಲೆಲ್ಲ ಹೆಸರು ಮಾಡಿತು. ಅದೇ ಶಾಪವನ್ನು ವಿಜ್ಞಾನದ ಭಾಷೆಯಲ್ಲಿ ಬಿಡಿಸಿ ವಿವರಿಸಿದ ಎರಡನೆಯದು ಬಿದ್ದಿತು. ಮರುವರ್ಷ ‘ರಾಸೆನ್’ ನಡೆದೇ ಇಲ್ಲ ಎಂಬಂತೆ ‘ರಿಂಗು 2’ ಮಾಡಿದರು. ವಿವರಿಸಿದಷ್ಟೂ ಹೆದರಿಕೆ ಕಡಿಮೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಹಿಂದಿನ ಕಥೆ ಹೇಳಲು ಹೊರಟವರಿಗಂತೂ ವಿವರಿಸುವುದೇ ಕೆಲಸ.

ಪ್ರಶ್ನೆ: ನಮ್ಮ ಕಾಲೇಜಿನ ತಂಡ ಮುಳ್ಳೇರಿಯದ ಹತ್ತಿರ ಒಂದು ಹಳೆ ಮುರಕಲ್ಲಿನ ಮನೆಯಲ್ಲಿ 18 ನಿಮಿಷದ ದೆವ್ವದ ಕಿರುಚಿತ್ರ ಮಾಡಿ ಯೂಟ್ಯೂಬಿಗೆ ಹಾಕಿದೆ. ಮೊದಲನೆಯದರ ಶೂಟಿಂಗ್ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ. ಈಗ ನೋಡಿದವರೆಲ್ಲ ಎರಡನೇ ಭಾಗ ಯಾವಾಗ ಎಂದು ಕೇಳುತ್ತಾರೆ. ಫೆಬ್ರವರಿಯಲ್ಲಿ ಮುಗಿಸುವ ಯೋಚನೆ. ಕಥೆ ಎಲ್ಲಿಂದ ಶುರು ಮಾಡುವುದು, ಎಂತ ಎಲ್ಲ ಜಾಗ್ರತೆ ಬೇಕು? (ವಿದ್ಯಾರ್ಥಿ ತಂಡ, ಕಾಸರಗೋಡು)

ಉತ್ತರ: ಕ್ಯಾಮೆರಾ ಮುಟ್ಟುವ ಮೊದಲು ಎರಡು ಹಾಳೆ ಕಾಗದ.

ಒಂದರಲ್ಲಿ ನಿಮ್ಮ ದೆವ್ವದ ನಿಯಮ ಬರೆಯಿರಿ. ಅಟ್ಟದಲ್ಲಿ ಮಾತ್ರ ಇರುತ್ತದೋ ಅಂಗಳಕ್ಕೂ ಇಳಿಯುತ್ತದೋ, ಯಾವ ಹೊತ್ತಿಗೆ, ಯಾರ ಕಣ್ಣಿಗೆ ಬೀಳುತ್ತದೆ, ಪಾತ್ರೆ ಬಾಗಿಲು ಮುಟ್ಟಬಲ್ಲದೋ, ಯಾವುದಕ್ಕೆ ಹಿಂಜರಿಯುತ್ತದೆ. ನೀವು ಬರೆದ ಸ್ಕ್ರಿಪ್ಟ್ ನೋಡಿ ಬರೆಯಬೇಡಿ, ಯೂಟ್ಯೂಬಿನಲ್ಲಿರುವುದನ್ನು ನೋಡಿ ಬರೆಯಿರಿ. ಪ್ರೇಕ್ಷಕನಿಗೆ ಗೊತ್ತಿರುವುದು ಅಷ್ಟೇ. ಎರಡನೇ ಭಾಗದಲ್ಲಿ ಈ ನಿಯಮಗಳಲ್ಲಿ ಒಂದನ್ನೂ ಮುರಿಯಬೇಡಿ. ಹೊಸತು ಬೇಕಾದರೆ ಒಂದೇ ಒಂದು ಸೇರಿಸಿ, ಅದನ್ನೂ ಮೊದಲ ಐದು ನಿಮಿಷದೊಳಗೆ ತೋರಿಸಿಬಿಡಿ. ಮೊದಲ ಭಾಗದಲ್ಲಿ ಹೊಸ್ತಿಲು ದಾಟದ ದೆವ್ವ ಎರಡನೆಯದರ ಕೊನೆಯಲ್ಲಿ ಬಸ್‌ಸ್ಟ್ಯಾಂಡಿಗೆ ಬಂದರೆ ಯಾರೂ ಹೆದರುವುದಿಲ್ಲ.

ಇನ್ನೊಂದು ಹಾಳೆಯಲ್ಲಿ ಮೊದಲ ಭಾಗದಲ್ಲಿ ಬೆಚ್ಚಿಬೀಳಿಸಿದ ಜಾಗಗಳ ಪಟ್ಟಿ. ಪ್ರತಿಯೊಂದಕ್ಕೂ ನಾಲ್ಕು ವಿವರ: ಎಷ್ಟನೇ ನಿಮಿಷ, ಪರದೆಯ ಎಡದಿಂದಲೋ ಬಲದಿಂದಲೋ ಹಿಂದಿನಿಂದಲೋ, ಅದಕ್ಕೆ ಮೊದಲು ಎಷ್ಟು ಸೆಕೆಂಡ್ ನಿಶ್ಶಬ್ದ, ಶಬ್ದ ಯಾವುದು. ಹೊಸ ತಂಡಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಒಂದೇ ಜಾಡು ಸಿಗುತ್ತದೆ. ಮೂರು ಸೆಕೆಂಡ್ ನಿಶ್ಶಬ್ದ, ಕನ್ನಡಿ ಇಲ್ಲವೇ ಬಾಗಿಲು, ಆಮೇಲೆ ಡಮಾರ್. ನಿಮ್ಮದರಲ್ಲೂ ಇದ್ದರೆ ಪ್ರೇಕ್ಷಕ ಅದನ್ನು ಆಗಲೇ ಕಲಿತಿರುತ್ತಾನೆ, ನಿಶ್ಶಬ್ದ ಶುರುವಾದ ಕೂಡಲೇ ವಾಲ್ಯೂಮ್ ಕಡಿಮೆ ಮಾಡುತ್ತಾನೆ. ಆ ಕಲಿಕೆಯನ್ನೇ ಉಪಯೋಗಿಸಿ. ನಿಶ್ಶಬ್ದ ಕೊಡಿ, ಬಾಗಿಲು ತೋರಿಸಿ, ಏನೂ ಆಗದಿರಲಿ. ಪಾತ್ರ ಉಸಿರು ಬಿಟ್ಟು ಮಾತಾಡಲು ಬಾಯಿ ತೆರೆದಾಗ ಮಾತಿನ ನಡುವೆ ಬರಲಿ. ಇದನ್ನೂ ಒಂದೇ ಸಲ.

ಜೊತೆಗೆ ಸ್ಟಾಪ್‌ವಾಚ್ ಹಿಡಿದು ಮೊದಲ ಭಾಗದಲ್ಲಿ ದೆವ್ವ ಒಟ್ಟು ಎಷ್ಟು ಸೆಕೆಂಡ್ ಕಣ್ಣಿಗೆ ಬಿದ್ದಿದೆ ಎಂದು ಅಳೆಯಿರಿ. ಎರಡನೆಯದರಲ್ಲಿ ಅದು ಹೆಚ್ಚಾಗಕೂಡದು. ಮೇಕಪ್ಪಿಗೆ ಈ ಸಲ ಹೆಚ್ಚು ದುಡ್ಡು ಹಾಕಿದ್ದೇವೆ, ತೋರಿಸದಿದ್ದರೆ ಹೇಗೆ ಎಂಬ ಆಸೆ ಬರುತ್ತದೆ. ಎರಡನೇ ಭಾಗಗಳು ಕೆಡುವುದರಲ್ಲಿ ಈ ಆಸೆಯ ಪಾಲು ಸಣ್ಣದಲ್ಲ. ಆ ದುಡ್ಡನ್ನು ಮೈಕಿಗೆ ಹಾಕಿ.

ಇನ್ನು ಫೆಬ್ರವರಿ. ಆಟಿಯಲ್ಲಿ ಮುರಕಲ್ಲಿನ ಗೋಡೆ ಹಸಿರು ಹಾವಸೆ ಹಿಡಿದು ಟಾರ್ಚಿನ ಬೆಳಕಿಗೆ ಮಿನುಗುತ್ತದೆ. ಫೆಬ್ರವರಿಗೆ ಅದೇ ಹಾವಸೆ ಕಪ್ಪಾಗಿ ಒಣಗಿ, ಬೆರಳು ತಾಗಿದರೆ ಹೊಟ್ಟಿನ ಹಾಗೆ ಉದುರುತ್ತದೆ. ಪಂಪಿನಿಂದ ನೀರು ಹೊಡೆದರೆ ಕಲ್ಲು ಗಾಢ ಕೆಂಪಾಗುತ್ತದೆ, ಹಸಿರಾಗುವುದಿಲ್ಲ. ಅಂಗಳದ ಹುಲ್ಲೂ ಇರುವುದಿಲ್ಲ. ಆದ್ದರಿಂದ ‘ಅದೇ ರಾತ್ರಿ ಮುಂದುವರಿಯಿತು’ ಎಂಬ ಕಥೆ ಬರೆಯಲೇಬೇಡಿ, ಆರು ತಿಂಗಳ ನಂತರ ಎಂದು ಬರೆಯಿರಿ. ಋತು ಬದಲಾದದ್ದು ಆಗ ದೋಷವಾಗುವುದಿಲ್ಲ. ಬೇಸಗೆಗೂ ಅದರದ್ದೇ ಹೆದರಿಕೆ ಉಂಟು. ಅಂಗಳದಲ್ಲಿ ಒಣಗಲು ಹರಡಿದ ಅಡಿಕೆಯ ಮೇಲೆ ನಡುರಾತ್ರಿ ಯಾರೋ ನಡೆದ ಗರಗರ ಶಬ್ದ ಬಂದರೆ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವರೆಲ್ಲ ಎದ್ದು ಕೂರುತ್ತಾರೆ. ಹೆಜ್ಜೆ ತೋರಿಸುವ ಅಗತ್ಯವೂ ಇಲ್ಲ, ಬೆಳಿಗ್ಗೆ ಅಡಿಕೆಯ ನಡುವೆ ಒಂದು ಖಾಲಿ ಸಾಲು ತೋರಿಸಿದರೆ ಸಾಕು.

ಮೊದಲ ಭಾಗದಲ್ಲಿ ಮಳೆಯ ಶಬ್ದ ನಿಮ್ಮ ಎಡಿಟಿಂಗಿನ ಕೀಲುಗಳನ್ನೆಲ್ಲ ಮುಚ್ಚಿತ್ತು. ಬೇಸಗೆಯಲ್ಲಿ ಆ ಮರೆ ಇಲ್ಲ. ಒಂದು ಶಾಟಿನಿಂದ ಇನ್ನೊಂದಕ್ಕೆ ಹೋದಾಗ ಹಿನ್ನೆಲೆಯ ಗುಂಯ್ ಬದಲಾದದ್ದು ಸ್ಪಷ್ಟ ಕೇಳುತ್ತದೆ. ಪ್ರತಿ ಕೋಣೆಯಲ್ಲೂ ಫ್ಯಾನ್, ಫ್ರಿಜ್ ನಿಲ್ಲಿಸಿ, ಎಲ್ಲರೂ ಕದಲದೆ ನಿಂತು ಒಂದು ನಿಮಿಷ ಬರೀ ಕೋಣೆಯ ಶಬ್ದ ರೆಕಾರ್ಡ್ ಮಾಡಿ. ಎಡಿಟಿಂಗಿನಲ್ಲಿ ಅದನ್ನು ಮಾತಿನಡಿ ಉದ್ದಕ್ಕೂ ಹಾಸಿದರೆ ಕೀಲು ಕೇಳುವುದಿಲ್ಲ. ಇನ್ನೊಂದು, ಫೆಬ್ರವರಿ ಅಂದರೆ ಕಳಿಯಾಟ (ತೆಯ್ಯಂ ಉತ್ಸವ), ಕೋಲ, ಯಕ್ಷಗಾನದ ಕಾಲ. ಎರಡು ಗುಡ್ಡದಾಚೆಯ ಚೆಂಡೆ, ಮೈಕಿನ ಸದ್ದು ರಾತ್ರಿ ಚೆನ್ನಾಗಿ ಬರುತ್ತದೆ. ಶೂಟಿಂಗಿನ ದಿನ ಗೊತ್ತುಮಾಡುವ ಮೊದಲು ಸುತ್ತಲಿನ ನೋಟೀಸುಗಳನ್ನು ನೋಡಿ.

ನಿಮ್ಮ ಸಿನಿಮಾವನ್ನು ಹೆಚ್ಚಿನವರು ಮೊಬೈಲಿನಲ್ಲೇ ನೋಡುವುದು. ಫೋನಿನ ಸಣ್ಣ ಸ್ಪೀಕರಿನಲ್ಲಿ 200 ಹರ್ಟ್ಸ್‌ಗಿಂತ ಕೆಳಗಿನ ಶಬ್ದ ಕೇಳಿಸುವುದೇ ಕಡಿಮೆ. ಹೆಡ್‌ಫೋನಿನಲ್ಲಿ ಎದೆ ನಡುಗಿಸಿದ ಗುಡುಗು ಅಲ್ಲಿ ಮಾಯವಾಗುತ್ತದೆ. ಆ ಗುಡುಗಿನ ಜೊತೆಗೆ ಮೇಲಿನ ಪಟ್ಟಿಯ ಶಬ್ದವೊಂದನ್ನು ಸೇರಿಸಿ: ಉಸಿರು, ಉಗುರಿನ ಗೀಚು, ಹಗ್ಗದ ಕಿರ್‌ಗುಟ್ಟುವಿಕೆ. ಅಪ್‌ಲೋಡ್ ಮಾಡುವ ಮೊದಲು ಸಾಧಾರಣ ಫೋನೊಂದರಲ್ಲಿ, ಹಗಲಿನ ಬೆಳಕಿನಲ್ಲಿ ಇಡೀ ಸಿನಿಮಾ ನೋಡಿ. ಆಗ ದೆವ್ವವೇ ಕಾಣದಿದ್ದರೆ ಕಲರ್ ಗ್ರೇಡಿಂಗ್ ತಿದ್ದಬೇಕು. ಹೊರಾಂಗಣದ ರಾತ್ರಿಗೆ ಪೂರ್ತಿ ಕತ್ತಲಾಗುವವರೆಗೆ ಕಾಯಬೇಡಿ. ಫೆಬ್ರವರಿಯಲ್ಲಿ ನಮ್ಮಲ್ಲಿ ಸುಮಾರು ಆರೂವರೆಗೆ ಸೂರ್ಯ ಮುಳುಗುತ್ತಾನೆ. ಅದರ ನಂತರದ 20 ನಿಮಿಷ ಆಕಾಶದಲ್ಲಿ ಬೆಳಕಿನ ಅಂಶ ಉಳಿದಿರುತ್ತದೆ, ತೆಂಗಿನ ಗರಿಯ ಅಂಚು, ಮಾಡಿನ ಗೆರೆ ಕಾಣುತ್ತದೆ. ದಿನಕ್ಕೆ ಮೂರ್ನಾಲ್ಕು ಶಾಟ್ ಮಾತ್ರ ಸಿಗುವುದರಿಂದ ಐದೂವರೆಗೇ ರಿಹರ್ಸಲ್ ಮುಗಿಸಿ ಕಾದಿರಬೇಕು.

ಸ್ಕ್ರಿಪ್ಟ್ ಆದ ಮೇಲೆ ಮೊದಲ ಭಾಗ ನೋಡದ ನಾಲ್ಕೈದು ಮಂದಿಗೆ ಓದಿ ಹೇಳಿ. ಅವರಿಗೆ ಕಥೆ ಅರ್ಥವಾಗದಿದ್ದರೆ ನೀವು ಬರೆದದ್ದು ಎರಡನೇ ಭಾಗವಲ್ಲ, ಮೊದಲ ಭಾಗದ ಬಾಲ.

ಪ್ರಶ್ನೆ: ದೆವ್ವದ ಕಥೆಯ ಎರಡನೇ ಭಾಗದಲ್ಲಿ ತೆಯ್ಯಂ ಅಥವಾ ಕೋಲ ತಂದರೆ ಜನ ಬರುತ್ತಾರೆ ಎಂದು ಸ್ನೇಹಿತರು ಹೇಳುತ್ತಾರೆ. ಸರಿಯೇ? (ಕಥೆ ಬರೆಯುವ ಹವ್ಯಾಸಿ, ನೀಲೇಶ್ವರ)

ಉತ್ತರ: ಬೇಡ. ದೈವ ಕುಟುಂಬದ್ದು, ಊರಿನದ್ದು, ನ್ಯಾಯ ಹೇಳುವಂಥದ್ದು. ಹೆದರಿಸಲು ತಂದ ಪಾತ್ರಕ್ಕೆ ಅದರ ವೇಷ ತೊಡಿಸಿದರೆ ಮೊದಲು ಬೇಸರವಾಗುವುದು ನಿಮ್ಮ ಮನೆಯ ಹಿರಿಯರಿಗೇ. ಕಥೆಗೆ ಬೇಕೇಬೇಕೆಂದಿದ್ದರೆ ದೂರದಿಂದ ಚೆಂಡೆ ಕೇಳಿಸಲಿ, ಸೂಟೆಯ ಬೆಳಕು ಮರಗಳ ನಡುವೆ ಹೋಗಲಿ, ಅಷ್ಟಕ್ಕೇ ನಿಲ್ಲಿಸಿ. ನಿಜವಾದ ಆಚರಣೆಯನ್ನು ಚಿತ್ರೀಕರಿಸುವುದಿದ್ದರೆ ಸ್ಥಾನದ ಹಿರಿಯರು ಮತ್ತು ಕಟ್ಟುವ ಕಲಾವಿದರು ಇಬ್ಬರ ಒಪ್ಪಿಗೆಯೂ ಮೊದಲೇ ಬೇಕು, ಯಾವ ಕಥೆಗೆ ಎಂದು ಮುಚ್ಚಿಡದೆ ಹೇಳಬೇಕು. ಕಾಲವನ್ನೂ ನೋಡಿ. ನಿಮ್ಮ ಕಡೆ ತುಲಾಮಾಸದ ಹತ್ತಕ್ಕೆ (ಅಕ್ಟೋಬರ್ ಕೊನೆ) ಶುರುವಾದ ತೆಯ್ಯಂ ಎಡವ ತಿಂಗಳಿಗೆ (ಮೇ-ಜೂನ್) ಮುಗಿಯುತ್ತದೆ, ತುಳು ಸೀಮೆಯಲ್ಲಿ ಪತ್ತನಾಜೆ (ಮೇ ಕೊನೆ) ಕಳೆದರೆ ಕೋಲ ಇಲ್ಲ. ಆಟಿಯ ಮಳೆಯಲ್ಲಿ ಕೋಲ ನಡೆಯುವ ದೃಶ್ಯ ಬರೆದರೆ ಊರಿನ ಒಬ್ಬನೂ ಮುಂದಿನದನ್ನು ನಂಬಲಾರ.

ಪ್ರಶ್ನೆ: ನಾನು ಬರೆದ ದೆವ್ವದ ಕಥೆಯನ್ನು ಒಬ್ಬರು ಸಿನಿಮಾ ಮಾಡಿದರು, ಅದು ಚೆನ್ನಾಗಿ ಓಡಿತು. ಈಗ ನನ್ನನ್ನು ಕೇಳದೆ ಎರಡನೇ ಭಾಗ ಶುರುಮಾಡಿದ್ದಾರೆಂದು ಗೊತ್ತಾಗಿದೆ. ನನಗೆ ಹಕ್ಕು ಉಂಟೋ? (ನಿವೃತ್ತ ಅಧ್ಯಾಪಕರು, ಬದಿಯಡ್ಕ)

ಉತ್ತರ: ನೀವು ಸಹಿ ಹಾಕಿದ ಕರಾರಿನ ಕಾಗದ ತೆಗೆದು ಓದಿ, ಉತ್ತರ ಬಹುಪಾಲು ಅದರಲ್ಲೇ ಇರುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ತಯಾರಾದ ಸಿನಿಮಾದ ಹಕ್ಕು ನಿರ್ಮಾಪಕರದ್ದು, 60 ವರ್ಷ. ಆದರೆ ಅದಕ್ಕೆ ಆಧಾರವಾದ ಕಥೆ ನಿಮ್ಮದು. ಅದನ್ನು ಬೇರೆಯವರಿಗೆ ವರ್ಗಾಯಿಸಬೇಕಾದರೆ ಸೆಕ್ಷನ್ 19ರಂತೆ ಲಿಖಿತ ಕರಾರು, ನಿಮ್ಮ ಸಹಿ ಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಅವಧಿ, ಯಾವ ಪ್ರದೇಶ ಎಂದು ಅದರಲ್ಲಿ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ ಎಂದೂ ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರ ಎಂದೂ ಕಾಯ್ದೆಯೇ ಹೇಳುತ್ತದೆ.

ಈಗ ಒಂದು ಸಾಲನ್ನು ಹುಡುಕಿ. ‘ಒಂದು ಕನ್ನಡ ಚಲನಚಿತ್ರ ಮಾಡುವ ಹಕ್ಕು’ ಎಂದಷ್ಟೇ ಇದ್ದರೆ ಎರಡನೇ ಭಾಗದ ಹಕ್ಕು ನಿಮ್ಮಲ್ಲೇ ಉಳಿದಿದೆ ಎಂದು ವಾದಿಸಲು ಗಟ್ಟಿ ನೆಲ ಇದೆ. ‘ರೀಮೇಕ್, ಸೀಕ್ವೆಲ್, ಪ್ರೀಕ್ವೆಲ್, ಸರಣಿ ಸಹಿತ ಸಕಲ ಹಕ್ಕು’ ಎಂದಿದ್ದರೆ ಕೊಟ್ಟಾಯಿತು, ಇನ್ನು ಹೆಸರು ಹಾಕಿಸುವುದು, ಕರಾರಿನಲ್ಲಿ ಹಣದ ಮಾತಿದ್ದರೆ ಅದನ್ನು ಕೇಳುವುದು, ಅಷ್ಟೇ. ಕಥೆಗಾರರಾಗಿ ಹೆಸರು ಪಡೆಯುವ ಹಕ್ಕು ಸೆಕ್ಷನ್ 57ರಲ್ಲಿ ಬೇರೆಯೇ ಇದೆ, ಹಕ್ಕು ಮಾರಿದ ಮೇಲೂ ಅದು ಉಳಿಯುತ್ತದೆ. ಸಿನಿಮಾದ ಹೆಸರಿನ ಮೇಲೆ ಮಾತ್ರ ಜಗಳ ಬೇಡ. ಬರೀ ಶೀರ್ಷಿಕೆಗೆ ಹಕ್ಕುಸ್ವಾಮ್ಯ ಇಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ.

ತಡಮಾಡಬೇಡಿ. ಮೂಲ ಹಸ್ತಪ್ರತಿ, ಕಳಿಸಿದ ಇಮೇಲ್, ವಾಟ್ಸಾಪ್ ಮಾತು, ಹಣ ಬಂದ ಬ್ಯಾಂಕ್ ದಾಖಲೆ ಇವನ್ನೆಲ್ಲ ತಾರೀಕಿನ ಕ್ರಮದಲ್ಲಿ ಜೋಡಿಸಿ ವಕೀಲರ ಮೂಲಕ ಶೂಟಿಂಗಿಗೆ ಮೊದಲೇ ನೋಟೀಸು ಕೊಡಿಸಿ. ಬಿಡುಗಡೆಯ ಹಿಂದಿನ ವಾರ ಎದ್ದರೆ ಅಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂಬ ಪ್ರಶ್ನೆಗೇ ಮೊದಲು ಉತ್ತರ ಕೊಡಬೇಕಾಗುತ್ತದೆ.

ಪ್ರಶ್ನೆ: ಮೊದಲ ಭಾಗದಲ್ಲಿ ದೆವ್ವದ ಮಗುವಾಗಿ ನಟಿಸಿದ ಹುಡುಗಿಗೆ ಆಗ 8 ವರ್ಷ. ಎರಡನೆಯದಕ್ಕೂ ಅವಳೇ ಬೇಕು. (ಕಿರುಚಿತ್ರ ನಿರ್ದೇಶಕ, ಪೆರ್ಲ)

ಉತ್ತರ: ಸತ್ತ ಮಗು ಬೆಳೆಯುವುದಿಲ್ಲ, ನಟಿಸಿದ ಮಗು ಬೆಳೆಯುತ್ತದೆ. ಎರಡು ವರ್ಷ ಕಳೆದರೆ ಮುಂದಿನ ಹಲ್ಲು, ಎತ್ತರ, ಧ್ವನಿ ಎಲ್ಲ ಬೇರೆ. ಮುಖ ತೋರಿಸದೆ ಬೇರೆ ಮಗುವಿನ ಬೆನ್ನು, ಕಾಲು, ನೆರಳಿನಲ್ಲಿ ಕೆಲಸ ತೆಗೆಯಿರಿ, ಹಳೆಯ ಧ್ವನಿಯ ರೆಕಾರ್ಡಿಂಗ್ ಇದ್ದರೆ ಅದನ್ನೇ ಹಾಕಿ. ಮಗು ಯಾವುದೇ ಆಗಲಿ, 14 ವರ್ಷದೊಳಗಿನವರನ್ನು ವೃತ್ತಿಪರ ಚಿತ್ರೀಕರಣದಲ್ಲಿ ಬಳಸಲು ಆ ಜಿಲ್ಲೆಯ ಜಿಲ್ಲಾ ಮ್ಯಾಜಿಸ್ಟ್ರೇಟರ (ಕಲೆಕ್ಟರರ) ಅನುಮತಿ ಬೇಕು. ದಿನಕ್ಕೆ 5 ಗಂಟೆಗಿಂತ ಹೆಚ್ಚಿಲ್ಲ, ವಿಶ್ರಾಂತಿಯಿಲ್ಲದೆ ಒಂದೇ ಸಮನೆ 3 ಗಂಟೆಗಿಂತ ಹೆಚ್ಚಿಲ್ಲ. ಸಂಭಾವನೆಯ ಕನಿಷ್ಠ 20 ಶೇಕಡಾ ಮಗುವಿನ ಹೆಸರಲ್ಲಿ ಠೇವಣಿ ಇಡಬೇಕು. ದೆವ್ವದ ಸಿನಿಮಾ ಎಂದು ರಾತ್ರಿ ಎರಡು ಗಂಟೆಗೆ ಮಗುವನ್ನು ಎಬ್ಬಿಸುವ ಅಗತ್ಯವಿಲ್ಲ, ಕಿಟಕಿಗೆ ಕಪ್ಪು ಬಟ್ಟೆ ಹೊಡೆದರೆ ಮಧ್ಯಾಹ್ನ ಮೂರಕ್ಕೂ ನಡುರಾತ್ರಿಯೇ.

ಪ್ರಶ್ನೆ: ಒಂದೇ ಯಕ್ಷಗಾನ ಪ್ರಸಂಗವನ್ನು ನೂರು ಸಲ ನೋಡುತ್ತೇವೆ, ಬೇಸರ ಬರುವುದಿಲ್ಲ. ಸಿನಿಮಾದವರು ಅದೇ ಕಥೆ ಎರಡನೇ ಸಲ ಕೊಟ್ಟರೆ ಮಾತ್ರ ಯಾಕೆ ಬೈಯುತ್ತೇವೆ? (ಕೃಷಿಕರು, ನೀರ್ಚಾಲು)

ಉತ್ತರ: ಯಕ್ಷಗಾನ ಕವಿ ಪಾರ್ತಿಸುಬ್ಬನ ಪದ ಅದೇ, ಅರ್ಥ ಹೇಳುವವರು ದಿನಾ ಬೇರೆ. ನಿನ್ನೆಯ ವಾಲಿ ಹೇಳಿದ್ದನ್ನು ಇಂದಿನ ವಾಲಿ ಹೇಳುವುದಿಲ್ಲ. ಸಿನಿಮಾದಲ್ಲಿ ಮಾತು ಒಮ್ಮೆ ಅಚ್ಚಾದರೆ ಮುಗಿಯಿತು. ಇನ್ನೊಂದು, ಯಕ್ಷಗಾನದಲ್ಲಿ ಕೊನೆ ಗೊತ್ತಿರುವುದೇ ಸುಖ, ದೆವ್ವದ ಕಥೆಯಲ್ಲಿ ಕೊನೆ ಗೊತ್ತಿಲ್ಲದಿರುವುದೇ ಬಂಡವಾಳ.

ಪ್ರಶ್ನೆ: ಏಳು ವರ್ಷದ ಮಗ ಮೊದಲ ಭಾಗ ನೋಡಿ ಒಂದು ವಾರ ದೀಪ ಆರಿಸಲು ಬಿಡಲಿಲ್ಲ. ಎರಡನೇ ಭಾಗ ಹಾಸ್ಯವೇ ಹೆಚ್ಚು ಎನ್ನುತ್ತಾರೆ. ಕರೆದುಕೊಂಡು ಹೋಗಬಹುದೇ? (ಅಂಗನವಾಡಿ ಕಾರ್ಯಕರ್ತೆ, ಎಣ್ಮಕಜೆ)

ಉತ್ತರ: ಪೋಸ್ಟರಿನ ನಗು ನೋಡಬೇಡಿ, ಸರ್ಟಿಫಿಕೇಟ್ ನೋಡಿ. ಈಗ ಯುಎ ಒಂದೇ ಅಲ್ಲ, ಯುಎ 7+, 13+, 16+ ಎಂದು ಮೂರು. 13+ ಅಥವಾ 16+ ಇದ್ದರೆ ಬಿಡಿ. 7+ ಇದ್ದರೂ ಮೊದಲು ದೊಡ್ಡವರು ಯಾರಾದರೂ ನೋಡಿ ಬರಲಿ. ಥಿಯೇಟರಿನ ಶಬ್ದವೇ ಮಕ್ಕಳನ್ನು ಹೆಚ್ಚು ಹೆದರಿಸುವುದು. ಟಿವಿಗೆ ಬಂದ ಮೇಲೆ ಹಗಲು ಹೊತ್ತು, ಸದ್ದು ತಗ್ಗಿಸಿ ನೋಡಿದರೆ ಅದೇ ದೃಶ್ಯಕ್ಕೆ ನಗುತ್ತಾನೆ.

ಪ್ರಶ್ನೆ: ಎರಡನೇ ಭಾಗಕ್ಕೆ ಕಾಯುವ ಬದಲು ಹಳೆಯ ಕನ್ನಡ ದೆವ್ವದ ಸಿನಿಮಾ ಒಂದನ್ನು ನಮ್ಮ ಯುವಕ ಸಂಘದ ಅಂಗಳದಲ್ಲಿ ತೋರಿಸಬೇಕೆಂದಿದ್ದೇವೆ. ಎಂತ ಎಲ್ಲ ಬೇಕು? (ಸಂಘದ ಕಾರ್ಯದರ್ಶಿ, ಮೀಂಜ)

ಉತ್ತರ: ಒಳ್ಳೆಯ ಯೋಚನೆ, ದೊಡ್ಡವರೂ ಈಗ ಅದನ್ನೇ ಮಾಡುತ್ತಿದ್ದಾರೆ. 2024ರ ಆಗಸ್ಟಿನಲ್ಲಿ ‘ಮಣಿಚಿತ್ರತ್ತಾಳ್’ 4ಕೆ ರೂಪದಲ್ಲಿ ಮತ್ತೆ ಚಿತ್ರಮಂದಿರಕ್ಕೆ ಬಂತು. ಅದರ ಮರುತಿಂಗಳು ಹಿಂದಿಯ ‘ತುಂಬಾಡ್’ ಮರುಬಿಡುಗಡೆಯಾಗಿ 2018ರ ಮೊದಲ ಬಿಡುಗಡೆಗಿಂತ ಹೆಚ್ಚು ಗಳಿಸಿತು.

ಮೊದಲು ಹಕ್ಕು ಇರುವವರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಯಾರದ್ದೋ ಒಟಿಟಿ ಖಾತೆಯಿಂದ ಹಾಕಬೇಡಿ, ಆ ಚಂದಾ ಮನೆಯಲ್ಲಿ ನೋಡುವುದಕ್ಕೆ ಮಾತ್ರ. ಸ್ಥಳೀಯ ಪರವಾನಗಿಯ ವಿಷಯ ಪಂಚಾಯತಿನಲ್ಲಿ ಕೇಳಿ, ಮೈಕಿಗೆ ಪೊಲೀಸ್ ಅನುಮತಿ ತೆಗೆದುಕೊಳ್ಳಿ. 12 ಅಡಿ ಅಗಲದ ಬಿಳಿ ಪರದೆಗೆ 3,000 ಲ್ಯುಮೆನ್ಸಿಗಿಂತ ಕಡಿಮೆಯ ಪ್ರೊಜೆಕ್ಟರ್ ತರಬೇಡಿ. ದೆವ್ವದ ಸಿನಿಮಾದಲ್ಲಿ ಅರ್ಧ ದೃಶ್ಯ ಕತ್ತಲಲ್ಲೇ ಇರುವುದರಿಂದ ಚರುಮುರಿ ಅಂಗಡಿಯ ಒಂದು ಟ್ಯೂಬ್‌ಲೈಟ್ ಪರದೆಗೆ ಬಿದ್ದರೂ ಏನೂ ಕಾಣುವುದಿಲ್ಲ. ಅಂಗಡಿಯನ್ನು ಪರದೆಯ ಹಿಂಬದಿಗೆ ಹಾಕಿಸಿ, ಬೀದಿದೀಪಕ್ಕೆ ಮರೆ ಕಟ್ಟಿ. ಸ್ಪೀಕರ್ ಎರಡನ್ನೂ ಪರದೆಯ ಇಕ್ಕೆಲದಲ್ಲಿ ಕೂತವರ ಕಿವಿಯ ಎತ್ತರಕ್ಕಿಂತ ಸ್ವಲ್ಪ ಮೇಲೆ ಇಡಿ. ಹೆಂಗಸರ ಸಾಲಿನ ಹಿಂದೆ ಇಟ್ಟರೆ ಚೆನ್ನಾಗಿ ಹೆದರುತ್ತಾರೆ ಎಂಬ ಸಂಘದ ಹುಡುಗರ ಉಪಾಯಕ್ಕೆ ಒಪ್ಪಬೇಡಿ, ಮಾತು ಸ್ಪಷ್ಟವಾಗಿ ಕೇಳುವುದಿಲ್ಲ. ರಾತ್ರಿ 10ರ ನಂತರ ಧ್ವನಿವರ್ಧಕ ಬಳಸುವಂತಿಲ್ಲ. ಎರಡೂಕಾಲು ಗಂಟೆಯ ಸಿನಿಮಾವನ್ನು ಏಳೂಕಾಲಿಗೆ ಹಾಕಿದರೆ ನಡುವೆ ಹತ್ತು ನಿಮಿಷ ಬಿಡುವು ಕೊಟ್ಟರೂ ಒಂಬತ್ತು ಮುಕ್ಕಾಲರ ಒಳಗೆ ಮುಗಿಯುತ್ತದೆ. ಅಧ್ಯಕ್ಷರ ಭಾಷಣ ಬಿಡುವಿನಲ್ಲಿ ಇಟ್ಟರೆ ಮಾತ್ರ ಈ ಲೆಕ್ಕ ಹಿಡಿಯುವುದಿಲ್ಲ.